ಸಂಬಳದ ಮಾತು

ಬೆಂಗಳೂರಿನ ಖಾಸಗಿ ಕಚೇರಿಗಳಲ್ಲಿ ಹಣಕಾಸು ವರ್ಷ ಮುಗಿಯುವ ಹೊತ್ತಿಗೆ ನಡೆಯುವ ವಾರ್ಷಿಕ ಕಾರ್ಯಮೌಲ್ಯಮಾಪನ, ಅಂದರೆ ನೌಕರರ ಬಾಯಲ್ಲಿ ‘ಅಪ್ರೈಸಲ್’ ಎನಿಸಿಕೊಳ್ಳುವ ವ್ಯವಹಾರ, ಹೊರನೋಟಕ್ಕೆ ಕೆಲಸದ ಕುರಿತ ಮಾತುಕತೆಯಾಗಿದ್ದರೂ ಅದರ ಒಳಗೆ ಕುಳಿತಿರುವ ವಿಷಯ ಸಂಬಳವೇ ಆಗಿರುತ್ತದೆ. ಮೇಜಿನ ಒಂದು ಬದಿಯಲ್ಲಿ ಮ್ಯಾನೇಜರ್ ವರ್ಷದ ಗುರಿ, ಸಾಧನೆ, ಕೊರತೆಗಳನ್ನು ಒಂದೊಂದಾಗಿ ಓದುತ್ತ ಹೋಗುವಾಗ ಎದುರಿಗೆ ಕುಳಿತ ನೌಕರನ ಮನಸ್ಸು ಈ ಸಲ ‘ಹೈಕ್’, ಅಂದರೆ ವೇತನದ ಶೇಕಡಾವಾರು ಏರಿಕೆ, ಎಷ್ಟು ಎಂಬ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತಿರುತ್ತದೆ. ಆ ಪ್ರಶ್ನೆ ಅಲ್ಲಿದೆ ಎಂಬುದು ಮ್ಯಾನೇಜರಿಗೂ ಗೊತ್ತಿರುತ್ತದೆ. ಆದರೂ ಮುಕ್ಕಾಲು ಗಂಟೆಯ ಆ ಸಭೆ ಎಷ್ಟೋ ಸಲ ಹಣದ ಹೆಸರೆತ್ತದೆ ಮುಗಿದುಹೋಗುತ್ತದೆ. ಈ ಮೌನವನ್ನು ಸಭ್ಯತೆಯೆಂದು ತಿಳಿದವರು ಬಹುಮಂದಿ. ಆದರೆ ಅದಕ್ಕೆ ಬೆಲೆ ತೆರುವವರು ಮೇಜಿನ ಒಂದು ಬದಿಯವರು ಮಾತ್ರ ಎಂಬುದೂ, ಅದನ್ನು ಮುರಿಯುವ ಹೊಣೆ ಅವರ ತಲೆಯ ಮೇಲೆಯೇ ಬಿದ್ದಿದೆ ಎಂಬುದೂ ವಿಚಾರಮಾಡತಕ್ಕ ಸಂಗತಿಗಳು.

ಹೆಂಗಸಿನ ವಯಸ್ಸನ್ನೂ ಗಂಡಸಿನ ಸಂಬಳವನ್ನೂ ಕೇಳಬಾರದು ಎಂಬ ಮಾತು ಕನ್ನಡದ ಮನೆಗಳಲ್ಲಿ ಬಳಕೆಯಲ್ಲಿದೆ. ಅದೇ ಮನೆಗಳಲ್ಲಿ ಮದುವೆಯ ಮಾತುಕತೆಗೆ ಕುಳಿತಾಗ ಹುಡುಗನ ಸಂಬಳವನ್ನೂ, ಸರ್ಕಾರಿ ನೌಕರಿಯಾದರೆ ‘ಗಿಂಬಳ’ವನ್ನೂ, ಅಂದರೆ ಸಂಬಳದ ಪ್ರಾಸಕ್ಕೆ ಹುಟ್ಟಿ ಲಂಚದ ಅರ್ಥ ಪಡೆದ ಆ ಮೇಲಾದಾಯವನ್ನೂ, ವಿಚಾರಿಸುವುದಕ್ಕೆ ಯಾರೂ ಹಿಂಜರಿಯುವುದಿಲ್ಲ. ಸಂಬಳದ ಮಾತು ಸ್ವಭಾವತಃ ನಾಚಿಕೆಯದಲ್ಲ, ಯಾರು ಯಾರನ್ನು ಎಲ್ಲಿ ಕೇಳುತ್ತಾರೆ ಎಂಬುದರ ಮೇಲೆ ಅದು ನಾಚಿಕೆಯದಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಭಾಷೆಯಲ್ಲಿ ಉಳಿದಿರುವ ಪದಗಳೂ ಇದನ್ನೇ ತೋರಿಸುತ್ತವೆ. ‘ಸಂಬಳ’ ಎಂಬುದು ದಾರಿಬುತ್ತಿಯೆಂಬ ಅರ್ಥದ ಸಂಸ್ಕೃತ ‘ಶಂಬಲ’ದಿಂದ ಬಂದದ್ದು, ಉತ್ತರ ಕರ್ನಾಟಕದಲ್ಲಿ ಬಳಕೆಯಲ್ಲಿರುವ ‘ಪಗಾರ’ ಪೋರ್ಚುಗೀಸರ ಮಾತಿನಿಂದ ಮರಾಠಿಯ ಮೂಲಕ ಇಳಿದದ್ದು, ‘ಜೀವಿತ’ದಿಂದ ಹುಟ್ಟಿದ ‘ಜೀತ’ ಎಂಬ ಪದವಂತೂ ನೆರೆಯ ತೆಲುಗಿನಲ್ಲಿ ಇಂದಿಗೂ ಸಾಮಾನ್ಯ ತಿಂಗಳ ಸಂಬಳವನ್ನು ಹೇಳುವಾಗ ಕನ್ನಡದಲ್ಲಿ ಸಾಲಕ್ಕೆ ದೇಹವನ್ನೇ ಒತ್ತೆಯಿಟ್ಟವನ ದುಡಿಮೆಯ ಹೆಸರಾಗಿ ನಿಂತಿದೆ. ದುಡಿದುದಕ್ಕೆ ಎಷ್ಟು ಬರಬೇಕು ಎಂದು ಕೇಳುವ ಬಾಯಿ ಕಟ್ಟಿಹೋದಲ್ಲಿ ಬದುಕೆಂಬ ಅರ್ಥದ ಪದವೇ ಬಂಧನದ ಪದವಾಗಬಲ್ಲದು.

ಹಳ್ಳಿಯ ಆಯಗಾರ ಪದ್ಧತಿಯಲ್ಲಿ ಪ್ರತಿಫಲವನ್ನು ಅಳೆಯುತ್ತಿದ್ದದ್ದು ಬಯಲಿನಲ್ಲಿ. ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ಕೆರೆಯ ನೀರು ಹಂಚುವ ನೀರಗಂಟಿ, ಕಾವಲಿನ ತಳವಾರ, ಊರಿನ ಚಾಕರಿಯ ತೋಟಿ ಮೊದಲಾದ, ವಾಡಿಕೆಯಲ್ಲಿ ಹನ್ನೆರಡು ಎಂದು ಎಣಿಸಲ್ಪಡುತ್ತಿದ್ದ ಕಸುಬುದಾರರಿಗೆ ವರ್ಷದ ಕೆಲಸಕ್ಕೆ ಪ್ರತಿಯಾಗಿ ಬೆಳೆಯಲ್ಲಿ ಸಲ್ಲುತ್ತಿದ್ದ ಪಾಲಿಗೆ ‘ಆಯ’ವೆಂದು ಹೆಸರು. ಸುಗ್ಗಿಯಲ್ಲಿ ರಾಗಿಯನ್ನು ಒಕ್ಕಿ ತೂರಿ ರಾಶಿ ಮಾಡಿದ ಮೇಲೆ, ರಾಶಿ ಮನೆಗೆ ಹೋಗುವ ಮೊದಲು, ಕಣದಲ್ಲಿಯೇ ಒಬ್ಬೊಬ್ಬರಿಗೂ ಅವರವರ ಪಾಲನ್ನು ಅಳೆದು ಕೊಡಲಾಗುತ್ತಿತ್ತು. ಅಳೆಯುವವನು ಒಂದು ಎನ್ನುವ ಬದಲು ‘ಲಾಭ’ ಎಂದು ಮೊದಲ ಕೊಳಗವನ್ನು ಸುರಿದು, ಆಮೇಲೆ ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸುವಾಗ ಸುತ್ತ ನಿಂತವರೆಲ್ಲರ ಕಿವಿಗೂ ಆ ಎಣಿಕೆ ಬೀಳುತ್ತಿತ್ತು. ಬಡಗಿಗೆ ಎಷ್ಟು ಬಂತೆಂಬುದು ಕಮ್ಮಾರನಿಗೆ ತಿಳಿಯುತ್ತಿತ್ತು, ಕೊಳಗದ ಬಾಯಿಯನ್ನು ಅಂಗೈಯಿಂದ ಸಪಾಟಾಗಿ ಸವರಿದರೋ ಗೋಪುರವಾಗಿ ಬಿಟ್ಟರೋ ಎಂಬುದನ್ನು ಎಲ್ಲರೂ ಕಣ್ಣಾರೆ ನೋಡುತ್ತಿದ್ದರು. ಈ ಚಿತ್ರವನ್ನು ಹೊಗಳಿ ಬಿಟ್ಟುಬಿಡುವುದು ತಪ್ಪಾಗುತ್ತದೆ, ಏಕೆಂದರೆ ಯಾರ ಪಾಲು ಎಷ್ಟೆಂಬುದನ್ನು ಅಲ್ಲಿ ನಿಶ್ಚಯಿಸುತ್ತಿದ್ದದ್ದು ಕೆಲಸವಲ್ಲ, ಜಾತಿ. ತೋಟಿಯ ಸರದಿ ಕೊನೆಗೆ ಬರುತ್ತಿತ್ತು, ಅವನು ಹೆಚ್ಚು ಕೇಳುವ ಮಾತಂತೂ ಇರಲಿಲ್ಲ. ಅನ್ಯಾಯ ಅಲ್ಲಿಯೂ ಇತ್ತು; ಆದರೆ ಅದು ಹಾಡುಹಗಲಿನಲ್ಲಿ ಕಾಣುವಂತಿತ್ತು, ಆದ್ದರಿಂದಲೇ ಮುಂದೆ ಅದನ್ನು ಪ್ರಶ್ನಿಸುವವರಿಗೆ ಬೊಟ್ಟುಮಾಡಿ ತೋರಿಸಲು ಒಂದು ಅಳತೆಯಿತ್ತು. ಇಂದಿನ ಕಚೇರಿ ಜಾತಿಯ ಅಳತೆಯನ್ನು ಬಿಟ್ಟಿದೆಯೆಂದು ಹೇಳಿಕೊಳ್ಳುತ್ತದೆ, ಆದರೆ ಅಳತೆಯ ಪಾತ್ರೆಯನ್ನೇ ಒಳಗಿಟ್ಟಿದೆ.

ವೇತನವನ್ನು ಬರೆದು ಎಲ್ಲರಿಗೂ ತಿಳಿಸಬೇಕೆಂಬ ಯೋಚನೆ ಈ ನೆಲಕ್ಕೆ ಹೊಸದಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು ತಾಳೆಗರಿಯಿಂದ ಹೊರತೆಗೆದು 1909ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದ ಐದನೆಯ ಅಧಿಕರಣದಲ್ಲಿ ರಾಜಸೇವಕರ ಭರಣಕ್ಕೇ ಮೀಸಲಾದ ಒಂದು ಅಧ್ಯಾಯವಿದ್ದು, ಪುರೋಹಿತ, ಸೇನಾಪತಿ ಮೊದಲಾದವರ 48,000 ಪಣಗಳಿಂದ ಹಿಡಿದು ಕೆಳಗಿನ ಪರಿಚಾರಕರ 60 ಪಣಗಳವರೆಗೆ ವೇತನದ ಮೆಟ್ಟಿಲುಗಳನ್ನು ಅದು ಸಾಲಾಗಿ ಹೇಳುತ್ತದೆ. ಮೇಲಿನವನಿಗೂ ಕೆಳಗಿನವನಿಗೂ ಎಂಟುನೂರು ಪಟ್ಟು ಅಂತರವಿರುವ ಆ ಪಟ್ಟಿಯನ್ನು ಸಮತೆಯ ಮಾದರಿಯೆನ್ನಲಾಗದು. ಆದರೆ ಅದು ಪಟ್ಟಿ.

ಇಂದು ಆ ಪಟ್ಟಿಯ ಸಂಪ್ರದಾಯವನ್ನು ಉಳಿಸಿಕೊಂಡಿರುವುದು ಸರ್ಕಾರಿ ನೌಕರಿ. ವೇತನ ಶ್ರೇಣಿ, ಅಂದರೆ ಒಂದು ಹುದ್ದೆಯ ಆರಂಭದ ಸಂಬಳದಿಂದ ಗರಿಷ್ಠ ಸಂಬಳದವರೆಗಿನ ನಿಗದಿಯಾದ ಹಂತಗಳ ಸರಣಿ, ಆದೇಶದ ರೂಪದಲ್ಲಿ ಪ್ರಕಟವಾಗುವುದರಿಂದ ಅಲ್ಲಿ ಯಾರ ಸಂಬಳವೂ ಗುಟ್ಟಲ್ಲ. ಮಾಜಿ ಮುಖ್ಯ ಕಾರ್ಯದರ್ಶಿ ಕೆ. ಸುಧಾಕರ ರಾವ್ ಅವರ ಅಧ್ಯಕ್ಷತೆಯ ಕರ್ನಾಟಕದ ಏಳನೆಯ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಕನಿಷ್ಠ ಮೂಲವೇತನ 17,000 ರೂಪಾಯಿಯಿಂದ 27,000 ರೂಪಾಯಿಗೆ ಏರಿದಾಗ ಆ ಅಂಕಿ ಪತ್ರಿಕೆಗಳ ಮೊದಲ ಪುಟಕ್ಕೆ ಬಂತು, ಹೋಟೆಲಿನ ಮೇಜುಗಳಲ್ಲಿ ಚರ್ಚೆಯಾಯಿತು, ಗುಮಾಸ್ತನೊಬ್ಬ ತನಗೆ ಸಿಗಬೇಕಾದುದನ್ನು ಪೆನ್ಸಿಲ್ ಹಿಡಿದು ತಾನೇ ಲೆಕ್ಕಹಾಕಿಕೊಳ್ಳಬಹುದಾಯಿತು. ಇಲ್ಲಿ ಗುಟ್ಟಾಗಿ ಉಳಿದದ್ದು ಸಂಬಳವಲ್ಲ, ಮೌಲ್ಯಮಾಪನ. ಮೇಲಧಿಕಾರಿ ವರ್ಷಕ್ಕೊಮ್ಮೆ ಬರೆಯುತ್ತಿದ್ದ ‘ಗೋಪ್ಯ ವರದಿ’ಯನ್ನು, ಅದರಲ್ಲಿ ಪ್ರತಿಕೂಲವಾದ ಮಾತಿದ್ದರೆ ಮಾತ್ರ ನೌಕರನಿಗೆ ತಿಳಿಸುವ ವಾಡಿಕೆ ಬಹುಕಾಲ ನಡೆದುಬಂದಿತ್ತು. ಗಡಿ ರಸ್ತೆಗಳ ಇಂಜಿನಿಯರಿಂಗ್ ಸೇವೆಯಲ್ಲಿದ್ದ ದೇವ್ ದತ್ ಎಂಬ ಕಾರ್ಯಪಾಲಕ ಎಂಜಿನಿಯರ್‌ಗೆ 1993–94ರ ವರದಿಯಲ್ಲಿ ‘ಉತ್ತಮ’ ಎಂಬ ದರ್ಜೆ ಸಿಕ್ಕಿತ್ತು. ಉತ್ತಮ ಎಂಬುದು ಒಳ್ಳೆಯ ಮಾತೇ ಆದ್ದರಿಂದ ಅದನ್ನು ಅವರಿಗೆ ತಿಳಿಸಲಿಲ್ಲ. ಆದರೆ ಬಡ್ತಿಗೆ ಐದು ವರ್ಷವೂ ‘ಅತ್ಯುತ್ತಮ’ ದರ್ಜೆ ಬೇಕಿದ್ದುದರಿಂದ ಆ ಒಂದು ಉತ್ತಮವೇ ಅವರ ಬಡ್ತಿಯನ್ನು ತಪ್ಪಿಸಿತು. 2008ರಲ್ಲಿ ಸುಪ್ರೀಂ ಕೋರ್ಟ್, ವರದಿಯ ಪ್ರತಿಯೊಂದು ದರ್ಜೆಯನ್ನೂ, ಅದು ಕಳಪೆಯಿರಲಿ ಅತ್ಯುತ್ತಮವಿರಲಿ, ನೌಕರನಿಗೆ ತಿಳಿಸಿ ಉತ್ತರ ಹೇಳಲು ಅವಕಾಶ ಕೊಡಬೇಕೆಂದು ತೀರ್ಪಿತ್ತಿತು. ಆ ವೇಳೆಗೆ ಅವರು ನಿವೃತ್ತರಾಗಿದ್ದರು. ಎದುರಿಗೆ ಹೇಳದ ಒಂದು ಒಳ್ಳೆಯ ಮಾತು ಒಬ್ಬ ಮನುಷ್ಯನ ಸೇವೆಯ ಕೊನೆಯ ವರ್ಷಗಳನ್ನು ಹೀಗೆ ನುಂಗಿಹಾಕಿತೆಂಬುದನ್ನು ಓದಿದಾಗ, ಅಳತೆಯ ಗುಟ್ಟು ಎಷ್ಟು ದೂರ ಹೋಗಿ ಹೊಡೆಯುತ್ತದೆ ಎಂಬುದು ಮನಸ್ಸಿಗೆ ನಾಟುತ್ತದೆ.

ಖಾಸಗಿ ಕಚೇರಿಯಲ್ಲಿ ಸಂಬಳ, ಮೌಲ್ಯಮಾಪನ ಎರಡೂ ಗುಟ್ಟು. ನೌಕರನು ಮೊದಲು ‘ಸೆಲ್ಫ್ ಅಪ್ರೈಸಲ್’ ಎಂಬ ನಮೂನೆಯಲ್ಲಿ ತನ್ನ ವರ್ಷದ ಕೆಲಸವನ್ನು ತಾನೇ ಬರೆದು ತನಗೆ ತಾನೇ ಅಂಕ ಹಾಕಿಕೊಳ್ಳುತ್ತಾನೆ. ಮ್ಯಾನೇಜರ್ ಅದರ ಮೇಲೆ ತನ್ನ ಅಂಕ ಹಾಕುತ್ತಾನೆ. ಆಮೇಲೆ ಹಲವು ತಂಡಗಳ ಮ್ಯಾನೇಜರುಗಳು ಒಂದೆಡೆ ಕುಳಿತು, ಎಷ್ಟು ಮಂದಿಗೆ ಮೇಲಿನ ದರ್ಜೆ, ಎಷ್ಟು ಮಂದಿಗೆ ನಡುವಿನದು, ಎಷ್ಟು ಮಂದಿಗೆ ಕೆಳಗಿನದು ಎಂಬ ಪ್ರಮಾಣಕ್ಕೆ ಹೊಂದುವಂತೆ ಆ ಅಂಕಗಳನ್ನು ಸರಿಮಾಡುತ್ತಾರೆ. ಈ ಸರಿಮಾಡುವಿಕೆಯನ್ನು ‘ನಾರ್ಮಲೈಸೇಷನ್’ ಎಂದೂ, ಆ ಪ್ರಮಾಣವನ್ನು ‘ಬೆಲ್ ಕರ್ವ್’, ಅಂದರೆ ಗಂಟೆಯಾಕಾರದ ರೇಖೆ, ಎಂದೂ ಕರೆಯುತ್ತಾರೆ. ಸಾವಿರಾರು ಅಳತೆಗಳು ತಾವಾಗಿ ನಡುಮಟ್ಟದ ಸುತ್ತ ಹೇಗೆ ಕೂಡಿಕೊಳ್ಳುತ್ತವೆ ಎಂಬುದನ್ನು ವರ್ಣಿಸಲು ಗಣಿತಜ್ಞ ಗಾಸ್‌ನ ಹೆಸರಿನೊಂದಿಗೆ ಪ್ರಸಿದ್ಧವಾದ ಆ ರೇಖೆಯನ್ನು, ಆರಿಸಿ ಆರಿಸಿ ತೆಗೆದುಕೊಂಡ ಎಂಟು ಮಂದಿಯ ತಂಡದ ಮೇಲೆ ಹೇರುವುದು ಗಣಿತಕ್ಕೂ ಒಪ್ಪದ ಕೆಲಸ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥನಾಗಿದ್ದ ಜ್ಯಾಕ್ ವೆಲ್ಚ್ ಪ್ರಚಾರಕ್ಕೆ ತಂದ 20, 70, 10ರ ವಿಂಗಡಣೆ, ಅಂದರೆ ಮೇಲಿನ ಇಪ್ಪತ್ತು ಭಾಗಕ್ಕೆ ಬಹುಮಾನ, ಕೆಳಗಿನ ಹತ್ತು ಭಾಗಕ್ಕೆ ಹೊರಗಿನ ದಾರಿ ಎಂಬ ಕ್ರಮ, ಜಗತ್ತಿನ ತುಂಬ ಹಬ್ಬಿತು. 2013ರಲ್ಲಿ ಮೈಕ್ರೋಸಾಫ್ಟ್ ಇಂಥ ಶ್ರೇಣೀಕರಣವನ್ನು ಕೈಬಿಟ್ಟ ಮೇಲೆ ಅನೇಕ ಸಂಸ್ಥೆಗಳು ಅದರ ಹೆಸರನ್ನು ಬಿಟ್ಟವು. ಹೆಸರು ಹೋದಲ್ಲೂ ಅಭ್ಯಾಸ ಉಳಿದಿದೆಯೆಂಬುದು ನೌಕರರ ಮಾತುಗಳಲ್ಲಿ ಇಂದಿಗೂ ಕೇಳಿಬರುತ್ತದೆ.

ಹೀಗೆ ದರ್ಜೆ ನಿರ್ಧಾರವಾಗಿ, ದರ್ಜೆಗೆ ತಕ್ಕ ಹಣ ವಿಂಗಡಣೆಯಾಗಿ, ಎಲ್ಲವೂ ಮುಗಿದ ಮೇಲೆ ಆ ಸಭೆ ನಡೆಯುತ್ತದೆ. ಗಾಜಿನ ಗೋಡೆಯ ಸಣ್ಣ ಕೋಣೆ. ಒಳಗಿನವರ ಮುಖ ಹೊರಗಿನವರಿಗೆ ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಮ್ಯಾನೇಜರ್ ಲ್ಯಾಪ್‌ಟಾಪಿನ ಪರದೆಯನ್ನು ತನ್ನ ಕಡೆಗೇ ತಿರುಗಿಸಿಕೊಂಡಿರುತ್ತಾನೆ. ನೌಕರಳ ಮುಂದೆ ಒಂದು ನೋಟ್‌ಬುಕ್ಕಿದೆ. ಹಿಂದಿನ ರಾತ್ರಿ ಮನೆಯವರೊಂದಿಗೆ ಕುಳಿತು ಲೆಕ್ಕಮಾಡಿ ಬರೆದುಕೊಂಡ ಒಂದು ಅಂಕಿ ಅದರ ಕೊನೆಯ ಪುಟದಲ್ಲಿದೆ. ಆ ಪುಟವನ್ನು ತೆರೆಯುವ ಹೊತ್ತು ಯಾವುದೆಂದು ಅವಳಿಗೆ ತಿಳಿಯುವುದಿಲ್ಲ. ಸಾಧನೆಯ ಮಾತು ನಡೆಯುವಾಗ ಹಣದ ಮಾತೆತ್ತಿದರೆ ದುರಾಸೆಯಾಗಿ ಕಾಣುತ್ತದೆ, ಕೊರತೆಯ ಮಾತು ನಡೆಯುವಾಗ ಎತ್ತಿದರೆ ಧಾರ್ಷ್ಟ್ಯವಾಗಿ ಕಾಣುತ್ತದೆ. ಕೊನೆಗೆ ‘ನಿಮಗೇನಾದರೂ ಕೇಳುವುದಿದೆಯಾ?’ ಎಂಬ ಪ್ರಶ್ನೆ ಬರುವ ವೇಳೆಗೆ ಮ್ಯಾನೇಜರಿನ ಕಣ್ಣು ಗಡಿಯಾರದ ಮೇಲಿರುತ್ತದೆ. ಅವಳು ಕೇಳಿದರೆ ಸಿಗುವ ಉತ್ತರ ಬಹುತೇಕ ಒಂದೇ: ‘ನಿಮ್ಮ ಕೆಲಸದ ಬಗ್ಗೆ ಎರಡು ಮಾತಿಲ್ಲ, ಆದರೆ ಈ ಸಲ ಬಜೆಟ್ ಕಡಿಮೆ, ಎಚ್.ಆರ್. ಕಡೆಯಿಂದ ಪತ್ರ ಬರುತ್ತದೆ ನೋಡಿ.’ ಈ ಮಾತನ್ನು ಹೇಳುವ ಮ್ಯಾನೇಜರನ್ನು ದೂರುವುದು ಸುಲಭವಾದರೂ ನ್ಯಾಯವಲ್ಲ. ಅವನಿಗೂ ಒಂದು ಮೊತ್ತವನ್ನು ಮೇಲಿನಿಂದ ಕಟ್ಟಿಕೊಟ್ಟಿರುತ್ತಾರೆ, ಅವನ ಸಂಬಳವೂ ಅಂಥದ್ದೇ ಇನ್ನೊಂದು ಕೋಣೆಯಲ್ಲಿ ಹೀಗೆಯೇ ನಿಶ್ಚಯವಾಗಿರುತ್ತದೆ. ಕೆಲವು ವಾರಗಳ ಮೇಲೆ ಪಾಸ್‌ವರ್ಡ್ ಹಾಕಿದ ಪಿ.ಡಿ.ಎಫ್. ಒಂದು ಇ-ಮೇಲ್‌ನಲ್ಲಿ ಬರುತ್ತದೆ. ಅದನ್ನು ಬಹುಮಂದಿ ಮೇಜಿನ ಬಳಿ ತೆರೆಯುವುದಿಲ್ಲ, ಮೆಟ್ಟಿಲ ಬಳಿ ಹೋಗಿ ಫೋನಿನಲ್ಲಿ ತೆರೆಯುತ್ತಾರೆ.

ಕೆಲಸದ ವಿಮರ್ಶೆಯನ್ನೂ ಹಣದ ನಿರ್ಧಾರವನ್ನೂ ಒಂದೇ ಮೇಜಿಗೆ ತಂದರೆ ಎರಡೂ ಕೆಡುತ್ತವೆ ಎಂಬುದು ಅರವತ್ತು ವರ್ಷಗಳ ಹಿಂದೆಯೇ ಪರೀಕ್ಷೆಯಿಂದ ತಿಳಿದ ವಿಷಯ. ಹರ್ಬರ್ಟ್ ಮೇಯರ್, ಇಮ್ಯಾನ್ಯುಯೆಲ್ ಕೇ, ಜಾನ್ ಫ್ರೆಂಚ್ ಎಂಬ ಮೂವರು ಸಂಶೋಧಕರು ಜನರಲ್ ಎಲೆಕ್ಟ್ರಿಕ್ ಕಂಪನಿಯ ನೌಕರರ ಮೌಲ್ಯಮಾಪನ ಸಭೆಗಳನ್ನು ಹತ್ತಿರದಿಂದ ಅಧ್ಯಯನ ಮಾಡಿ 1965ರಲ್ಲಿ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಕಂಡುಕೊಂಡದ್ದು ಇಷ್ಟು: ಟೀಕೆ ಕೇಳಿದವರು ತಿದ್ದಿಕೊಳ್ಳುವುದಕ್ಕಿಂತ ತಮ್ಮನ್ನು ಸಮರ್ಥಿಸಿಕೊಳ್ಳುವುದರಲ್ಲಿ ತೊಡಗುತ್ತಾರೆ, ಹೆಚ್ಚು ಟೀಕೆಗೆ ಗುರಿಯಾದ ಅಂಶಗಳಲ್ಲಿಯೇ ಆಮೇಲೆ ಸುಧಾರಣೆ ಕಡಿಮೆ, ಹೊಗಳಿಕೆಯಿಂದಲೂ ಹೇಳಿಕೊಳ್ಳುವಂಥ ಪರಿಣಾಮವಿಲ್ಲ. ಒಬ್ಬನೇ ಮನುಷ್ಯ ಒಂದೇ ಸಭೆಯಲ್ಲಿ ತೀರ್ಪುಗಾರನೂ ಗುರುವೂ ಆಗಿ ಕುಳಿತುಕೊಳ್ಳಲಾರ ಎಂಬುದನ್ನು ಮನಗಂಡು, ಸಂಬಳದ ಮಾತಿಗೂ ಕೆಲಸ ತಿದ್ದುವ ಮಾತಿಗೂ ಬೇರೆಬೇರೆ ಸಭೆಗಳಿರಬೇಕೆಂದು ಅವರು ಸೂಚಿಸಿದರು. ಗುಣಮಟ್ಟದ ತಜ್ಞ ಎಡ್ವರ್ಡ್ಸ್ ಡೆಮಿಂಗ್ ಇನ್ನೂ ಮುಂದೆ ಹೋಗಿ, ವಾರ್ಷಿಕ ಅಂಕ ಕೊಡುವ ಪದ್ಧತಿಯನ್ನೇ ಸಂಸ್ಥೆಗಳಿಗೆ ತಗಲಿದ ಮಾರಕ ರೋಗಗಳ ಸಾಲಿಗೆ ಸೇರಿಸಿದರು. ಮೇಯರ್ ಮತ್ತು ಸಂಗಡಿಗರ ಸಲಹೆಯನ್ನು ಬೆಂಗಳೂರಿನ ಎಷ್ಟೋ ಕಚೇರಿಗಳು ಮೇಲ್ನೋಟಕ್ಕೆ ಪಾಲಿಸುತ್ತವೆ: ‘ಇದು ಕೆಲಸದ ಮಾತು, ಸಂಬಳದ ಮಾತು ಆಮೇಲೆ’ ಎನ್ನುತ್ತವೆ. ಆ ಆಮೇಲೆ ಎಂಬ ಸಭೆ ಬರುವುದೇ ಇಲ್ಲ. ಪತ್ರ ಮಾತ್ರ ಬರುತ್ತದೆ. ಎರಡು ಮಾತುಗಳನ್ನು ಬೇರ್ಪಡಿಸುವುದೆಂದರೆ ಎರಡನ್ನೂ ಆಡುವುದೆಂದೇ ಹೊರತು ಒಂದನ್ನು ಕೈಬಿಡುವುದೆಂದಲ್ಲ.

ಪತ್ರ ಬಂದ ಮೇಲೂ ಅದನ್ನು ಓದುವುದು ಸುಲಭವಲ್ಲ. ‘ಸಿ.ಟಿ.ಸಿ.’ ಎಂಬ ಮೂರಕ್ಷರಕ್ಕೆ ಒಬ್ಬ ನೌಕರನ ಮೇಲೆ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ ಎಂದರ್ಥ. ಕೈಗೆ ಬರುವ ಹಣಕ್ಕೂ ಅದಕ್ಕೂ ಬಹಳ ದೂರವಿದೆ. ವರ್ಷಕ್ಕೆ 9,00,000 ರೂಪಾಯಿ ಸಿ.ಟಿ.ಸಿ. ಇರುವವರಿಗೆ ಶೇ. 8ರ ಹೈಕ್ ಬಂತೆಂದರೆ ಏರಿಕೆ 72,000 ರೂಪಾಯಿ, ತಿಂಗಳಿಗೆ 6,000 ಎಂದು ಮನಸ್ಸು ತಟ್ಟನೆ ಭಾಗಿಸುತ್ತದೆ. ಮೂಲವೇತನ ಒಟ್ಟಿನ ಶೇ. 40ರಷ್ಟಿದ್ದು, ಭವಿಷ್ಯನಿಧಿಯನ್ನು ಪೂರ್ಣ ಮೂಲವೇತನದ ಮೇಲೆ ಹಿಡಿಯುವ ಕಡೆ, ಆ ಏರಿಕೆಯಿಂದ ಕಂಪನಿಯ ಪಾಲೆಂದು 3,456, ನೌಕರನ ಪಾಲೆಂದು ಅಷ್ಟೇ ಮೊತ್ತ ಪಿ.ಎಫ್. ಖಾತೆಗೆ ಹೋಗುತ್ತದೆ, ಸಾಮಾನ್ಯವಾಗಿ ಐದು ವರ್ಷ ಸೇವೆ ಮುಗಿಸಿದವರಿಗಷ್ಟೇ ಕೈಗೆ ಸಿಗುವ ಗ್ರಾಚ್ಯುಟಿಯ ಲೆಕ್ಕಕ್ಕೆ ಮೂಲವೇತನದ ಶೇ. 4.81ರಂತೆ ಸುಮಾರು 1,385 ಹೋಗುತ್ತದೆ, ಒಟ್ಟಿನ ಶೇ. 10 ‘ವೇರಿಯಬಲ್’ ಆಗಿದ್ದರೆ, ಅಂದರೆ ಕಂಪನಿಯ ಲಾಭನಷ್ಟ ನೋಡಿ ಕೊಡುವ ಭಾಗವಾಗಿದ್ದರೆ, ಇನ್ನೂ 7,200 ವರ್ಷದ ಕೊನೆಗೆ ಬಂದರೆ ಬಂತು. ಉಳಿದದ್ದು 56,503, ಅಂದರೆ ತೆರಿಗೆಯ ಮಾತು ಬಿಟ್ಟು ತಿಂಗಳಿಗೆ ಸುಮಾರು 4,700 ರೂಪಾಯಿ. ಭವಿಷ್ಯನಿಧಿ ಕಳೆದುಹೋದ ಹಣವಲ್ಲ, ಮುಂದಿನ ಕಾಲಕ್ಕೆ ಕೂಡಿಟ್ಟದ್ದು; ಆದರೆ ಮನೆಬಾಡಿಗೆಯನ್ನು ಅದರಿಂದ ಕಟ್ಟಲಾಗದು. ಹನ್ನೊಂದು ತಿಂಗಳ ಕರಾರು ಮುಗಿದೊಡನೆ 25,000ದ ಬಾಡಿಗೆ ಶೇ. 10 ಏರಿದರೆ ಆ 4,700ರಲ್ಲಿ 2,500 ಅಲ್ಲಿಯೇ ಮುಗಿಯಿತು, ಮಗುವಿನ ಶಾಲೆಯ ಶುಲ್ಕದ ಚೀಟಿ ಬರುವುದೂ ಅದೇ ಬೇಸಿಗೆಯಲ್ಲಿ. ಸರ್ಕಾರಿ ನೌಕರರಿಗೆ ಬೆಲೆಯೇರಿಕೆಯ ಸೂಚ್ಯಂಕಕ್ಕೆ ತಕ್ಕಂತೆ ತುಟ್ಟಿಭತ್ಯೆ ಏರುತ್ತದೆ. ಖಾಸಗಿ ನೌಕರನಿಗೆ ಬೆಲೆಯೇರಿಕೆಯ ಭರ್ತಿಯೂ ‘ಹೈಕ್’ ಎಂಬ ಬಹುಮಾನದ ಹೆಸರಿನಲ್ಲಿಯೇ ಬರಬೇಕು. ರಿಸರ್ವ್ ಬ್ಯಾಂಕು ಹಣದುಬ್ಬರಕ್ಕೆ ಇಟ್ಟುಕೊಂಡ ಗುರಿಯೇ ಶೇ. 4 ಆಗಿರುವಾಗ, ಬೆಲೆಗಳು ಆ ಗುರಿಯ ಮಟ್ಟದಲ್ಲಿ ಏರಿದ ವರ್ಷ ಶೇ. 3ರ ಹೈಕ್ ಪಡೆದವರ ಸಂಬಳ ನಿಜದಲ್ಲಿ ಇಳಿದಿರುತ್ತದೆ. ಅವರ ಪತ್ರದಲ್ಲಿ ಮಾತ್ರ ಅಭಿನಂದನೆಯಿರುತ್ತದೆ. ಈ ಲೆಕ್ಕವನ್ನು ಎದುರಿಗೆ ಕುಳಿತು ಹತ್ತು ನಿಮಿಷ ಬಿಡಿಸಿ ಹೇಳುವುದು ಕಂಪನಿಗೆ ಒಂದು ಪೈಸೆಯ ಖರ್ಚಿಲ್ಲದ ಕೆಲಸ.

ಸಂಬಳವನ್ನು ಸಹೋದ್ಯೋಗಿಗಳಿಗೆ ತಿಳಿಸಕೂಡದೆಂಬ ಷರತ್ತು ಅನೇಕ ನೇಮಕಾತಿ ಪತ್ರಗಳಲ್ಲಿರುತ್ತದೆ. ಇದೇ ದೇಶದ 2013ರ ಕಂಪನಿ ಕಾಯ್ದೆಯ 197ನೆಯ ಕಲಮು, ಷೇರುಪೇಟೆಯಲ್ಲಿ ನೋಂದಣಿಯಾದ ಕಂಪನಿಯ ಪ್ರತಿ ನಿರ್ದೇಶಕರ ಸಂಭಾವನೆ ಆ ಕಂಪನಿಯ ನೌಕರರ ಮಧ್ಯಾಂಕ ವೇತನದ ಎಷ್ಟು ಪಟ್ಟು ಎಂಬುದನ್ನು ವರ್ಷವರ್ಷವೂ ಬಹಿರಂಗಪಡಿಸಬೇಕೆನ್ನುತ್ತದೆ. ಮಧ್ಯಾಂಕವೆಂದರೆ ಎಲ್ಲರ ಸಂಬಳವನ್ನು ಏರಿಕೆಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ಬರುವ ಅಂಕಿ. ಆ ಮಧ್ಯಾಂಕ ಹಿಂದಿನ ವರ್ಷಕ್ಕಿಂತ ಶೇಕಡಾ ಎಷ್ಟು ಏರಿತೆಂಬುದನ್ನೂ ಅಲ್ಲಿ ಹೇಳಬೇಕು. ತನ್ನ ಹೈಕ್ ಸರಾಸರಿಯದೋ ಅದಕ್ಕಿಂತ ಕೆಳಗಿನದೋ ಎಂದು ತಿಳಿಯದೆ ತೊಳಲುವ ನೌಕರನಿಗೆ ಒಂದು ಅಳತೆಗೋಲು ವಾರ್ಷಿಕ ವರದಿಯ ಅನುಬಂಧದಲ್ಲಿ ಮುದ್ರಿತವಾಗಿಯೇ ಇದೆ. ಷೇರುದಾರನಿಗೆ ತಿಳಿಯಬಹುದಾದದ್ದು ದುಡಿಯುವವನಿಗೆ ತಿಳಿಯಬಾರದೆಂಬುದಕ್ಕೆ ಸಮರ್ಥನೆ ಹುಡುಕುವುದು ಕಷ್ಟ.

ಸಂಬಳವನ್ನು ಗುಟ್ಟಾಗಿಡುವ ಷರತ್ತು ಯಾರಿಗೆ ಹೆಚ್ಚು ಪೆಟ್ಟು ಕೊಡುತ್ತದೆ ಎಂಬುದನ್ನು ಅಮೆರಿಕದ ಅಲಬಾಮಾ ರಾಜ್ಯದ ಲಿಲ್ಲಿ ಲೆಡ್‌ಬೆಟರ್ ಅವರ ಮೊಕದ್ದಮೆ ತೋರಿಸಿಕೊಟ್ಟಿತು. ಟೈರ್ ಕಾರ್ಖಾನೆಯೊಂದರಲ್ಲಿ ಹತ್ತೊಂಬತ್ತು ವರ್ಷ ಮೇಲ್ವಿಚಾರಕಿಯಾಗಿ ದುಡಿದ ಆಕೆಗೆ, ಸೇವೆಯ ಕೊನೆಗಾಲದಲ್ಲಿ ಯಾರೋ ಹೆಸರು ಹಾಕದೆ ಇಟ್ಟುಹೋದ ಒಂದು ಚೀಟಿಯಿಂದ, ತನ್ನ ಜೊತೆಯ ಗಂಡಸರ ಸಂಬಳ ತಿಳಿದುಬಂತು. ಆಕೆಗೆ ತಿಂಗಳಿಗೆ 3,727 ಡಾಲರ್ ಬರುತ್ತಿದ್ದಾಗ ಅದೇ ಕೆಲಸದಲ್ಲಿದ್ದ ಗಂಡಸರಲ್ಲಿ ಅತಿ ಕಡಿಮೆ ಪಡೆಯುವವನಿಗೆ 4,286, ಅತಿ ಹೆಚ್ಚು ಪಡೆಯುವವನಿಗೆ 5,236 ಡಾಲರ್ ಬರುತ್ತಿತ್ತು. ವರ್ಷವರ್ಷದ ಮೌಲ್ಯಮಾಪನದ ಹೆಸರಿನಲ್ಲಿ ಏರಿಕೆಯ ವ್ಯತ್ಯಾಸ ಒಂದರ ಮೇಲೊಂದು ಕೂತು ಹಾಗೆ ಬೆಳೆದಿತ್ತು. ತಾರತಮ್ಯದ ವೇತನ ನಿರ್ಧಾರವಾದ 180 ದಿನಗಳೊಳಗೆ ದೂರು ಕೊಡಬೇಕಿತ್ತೆಂದು ಅಲ್ಲಿನ ಸುಪ್ರೀಂ ಕೋರ್ಟ್ 2007ರಲ್ಲಿ ಆಕೆಯ ವಿರುದ್ಧ ತೀರ್ಪಿತ್ತಿತು. ಗೊತ್ತೇ ಇಲ್ಲದ ಅನ್ಯಾಯಕ್ಕೆ ಗಡುವಿನೊಳಗೆ ದೂರು ಕೊಡುವುದು ಹೇಗೆಂಬ ಪ್ರಶ್ನೆ ದೇಶದ ತುಂಬ ಎದ್ದು, 2009ರ ಜನವರಿಯಲ್ಲಿ ಆಕೆಯ ಹೆಸರಿನ ಕಾಯ್ದೆಯೇ ಬಂತು. ಭಾರತದಲ್ಲಿ ಸಮಾನ ಕೆಲಸಕ್ಕೆ ಸಮಾನ ಸಂಭಾವನೆಯ ಕಾಯ್ದೆ 1976ರಲ್ಲಿಯೇ ಬಂದಿತ್ತು, 2019ರ ವೇತನ ಸಂಹಿತೆಯೂ ಆ ತತ್ವವನ್ನು ಉಳಿಸಿಕೊಂಡಿದೆ. ಆದರೆ ಪಕ್ಕದ ಕುರ್ಚಿಯವನ ಸಂಬಳ ಗೊತ್ತಿಲ್ಲದವಳು ಯಾವ ಸಮಾನತೆಯನ್ನು ಕೇಳಬೇಕು? ಐರೋಪ್ಯ ಒಕ್ಕೂಟ 2023ರಲ್ಲಿ ಹೊರಡಿಸಿದ ನಿರ್ದೇಶನ ಈ ಗಂಟನ್ನು ಬೇರಿನಲ್ಲಿಯೇ ಬಿಡಿಸಲು ಹೊರಟಿದೆ: ಕೆಲಸಕ್ಕೆ ಅರ್ಜಿ ಹಾಕಿದವರಿಗೆ ಆ ಹುದ್ದೆಯ ವೇತನದ ವ್ಯಾಪ್ತಿಯನ್ನು ಮೊದಲೇ ತಿಳಿಸಬೇಕು, ಅವರ ಹಿಂದಿನ ಸಂಬಳವನ್ನು ಕೇಳಕೂಡದು.

ಈ ಎರಡನೆಯ ನಿಯಮ ಬೆಂಗಳೂರಿನವರಿಗೆ ತುಂಬ ಹತ್ತಿರದ್ದು. ಇಲ್ಲಿ ಹೊಸ ಕೆಲಸಕ್ಕೆ ಹೋದವರು ಹಿಂದಿನ ಮೂರು ತಿಂಗಳ ಪೇ ಸ್ಲಿಪ್ ತೋರಿಸಬೇಕಾಗುವುದು ಸಾಮಾನ್ಯ. ಹೊಸ ಸಂಬಳವನ್ನು ಹುದ್ದೆಯ ಬೆಲೆಯಿಂದಲ್ಲ, ಹಳೆಯ ಸಂಬಳದ ಮೇಲೆ ಇಂತಿಷ್ಟು ಶೇಕಡಾ ಎಂದು ಕಟ್ಟುತ್ತಾರೆ. ಸಣ್ಣ ಊರಿನ ಕಾಲೇಜಿನಿಂದ ಬಂದು, ಮೊದಲ ಕೆಲಸದಲ್ಲಿ ಕೊಟ್ಟಷ್ಟಕ್ಕೆ ಒಪ್ಪಿಕೊಂಡ ಹುಡುಗಿಯ ಆ ಮೊದಲ ಅಂಕಿ ಹೀಗೆ ಅವಳ ಹಿಂದೆ ಹತ್ತು ವರ್ಷ ನಡೆದುಬರುತ್ತದೆ. ಇನ್ನು ಒಳಗೇ ಉಳಿದವರ ಗತಿ: ಮಾರ್ಚಿನಲ್ಲಿ ಬಜೆಟ್ ಇಲ್ಲವೆಂದು ಶೇ. 6 ಪಡೆದವನು ಜುಲೈಯಲ್ಲಿ ರಾಜೀನಾಮೆ ಕೊಟ್ಟೊಡನೆ ಶೇ. 30ರ ಕೌಂಟರ್ ಆಫರ್, ಅಂದರೆ ಹೋಗದಂತೆ ತಡೆಯಲು ಕೊಡುವ ಮರುದರ, ಅವನ ಮುಂದೆ ಬರುವುದುಂಟು. ಮೂರು ತಿಂಗಳ ನೋಟಿಸ್ ಪಿರಿಯಡ್ಡಿನಲ್ಲಿ ನಡೆಯುವ ಈ ಮಾತುಕತೆಯೇ ಆ ಕಚೇರಿಯ ನಿಜವಾದ ಸಂಬಳದ ಮಾತುಕತೆ. ಸಂಸಾರದ ಕಾರಣಕ್ಕೋ, ತಂದೆತಾಯಿಯ ಆರೈಕೆಗೋ, ಸುಮ್ಮನೆ ಸಂಸ್ಥೆಯ ಮೇಲಿನ ಅಭಿಮಾನಕ್ಕೋ ರಾಜೀನಾಮೆಯ ಬೆದರಿಕೆ ಹಾಕದವರು ಅದರ ಹೊರಗೇ ಉಳಿಯುತ್ತಾರೆ.

ಅತ್ತ ಮಗುವಿಗೆ ಹಾಲು ಎಂಬ ಗಾದೆಯನ್ನು ಹಿಡಿದುಕೊಂಡು, ಕೇಳುವ ಕಲೆಯನ್ನು ನೌಕರರಿಗೆ ಕಲಿಸಬೇಕೆನ್ನುವ ಉಪದೇಶಕರು ಈಗ ಬಹಳ. ಸಾಧನೆಗಳನ್ನು ಪಟ್ಟಿಮಾಡಿ, ಮಾರುಕಟ್ಟೆಯ ದರ ತಿಳಿದುಕೊಂಡು, ಅಳುಕದೆ ಕೇಳಿ ಎಂಬ ಅವರ ಮಾತು ವ್ಯವಹಾರಕ್ಕೆ ಉಪಯುಕ್ತವೇ. ಆದರೆ ಅಳಲು ಬಾರದ ಮಗುವಿಗೂ ಹಸಿವಿರುತ್ತದೆ, ಅದು ತಾಯಿಗೆ ತಿಳಿದಿರುತ್ತದೆ. ಇನ್ನೊಂದು ಕಡೆ, ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನನ್ನು ಹಿಂದಕ್ಕೆ ಸುರಿದು ಬರಲು ಕಳಿಸಿದ ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಹೇಳಿ ತೃಪ್ತಿಯ ಪಾಠ ಮಾಡುವವರೂ ಇದ್ದಾರೆ. ಲಕ್ಕಮ್ಮ ಹೆಚ್ಚಿನದನ್ನು ಹಿಂದಿರುಗಿಸಿದ್ದು ತಾನಾಗಿ, ತನ್ನ ಕಾಯಕದ ಅಳತೆ ತನ್ನ ಕೈಯಲ್ಲಿದ್ದುದರಿಂದ. ಕಡಿಮೆ ಕೊಡುವವನು ಆಕೆಯ ಹೆಸರು ಹೇಳುವುದು ಆಕೆಗೆ ಮಾಡುವ ಅಪಚಾರ.

ಮೊದಲ ಮಾತು ಬರಬೇಕಾದದ್ದು ಕೊಡುವವರ ಕಡೆಯಿಂದ, ಏಕೆಂದರೆ ಅಂಕಿಯಿರುವುದು ಅವರ ಪರದೆಯ ಮೇಲೆ. ಅದಕ್ಕೆ ಕಾಯ್ದೆ ಬರುವವರೆಗೆ ಕಾಯಬೇಕಿಲ್ಲ. ವಿಮರ್ಶೆಯ ಸಭೆಗೆ ಒಂದು ವಾರ ಮೊದಲು, ಹಣದ ಮಾತಿಗೆಂದೇ ಕರೆದ ಇನ್ನೊಂದು ಸಭೆಯಲ್ಲಿ, ಮ್ಯಾನೇಜರ್ ಲ್ಯಾಪ್‌ಟಾಪನ್ನು ಅರ್ಧ ಸುತ್ತು ತಿರುಗಿಸಿ, ಈ ಹುದ್ದೆಯ ಸಂಬಳ ಇಷ್ಟರಿಂದ ಇಷ್ಟರವರೆಗೆ, ನೀವು ಈಗ ಇಲ್ಲಿದ್ದೀರಿ, ಈ ವರ್ಷ ಇಷ್ಟು, ಕಾರಣ ಇದು, ಮುಂದಿನ ಮೆಟ್ಟಿಲಿಗೆ ಬೇಕಾದದ್ದು ಇದು ಎಂದು ತೋರಿಸಿದರೆ ಸಾಕು. ಅಂಕಿ ಕಡಿಮೆಯಿದ್ದರೆ ಸಿಟ್ಟು ಬರುತ್ತದೆ, ಆ ಸಿಟ್ಟನ್ನು ಕೇಳಿಸಿಕೊಳ್ಳುವುದೂ ಆ ಸಭೆಯ ಕೆಲಸವೇ. ವಾರ ಕಳೆದು ಅದೇ ಗಾಜಿನ ಕೋಣೆಗೆ ಬರುವ ನೌಕರಳಿಗೆ ಆಗ ಕಾಯುವುದಕ್ಕೆ ಏನೂ ಉಳಿದಿರುವುದಿಲ್ಲ, ಮುಚ್ಚಿಡುವುದಕ್ಕೂ ಇರುವುದಿಲ್ಲ. ಅವಳು ನೋಟ್‌ಬುಕ್ಕಿನ ಮೊದಲ ಪುಟವನ್ನೇ ತೆರೆದು, ಅಕ್ಟೋಬರಿನಲ್ಲಿ ಗ್ರಾಹಕರ ಬಿಲ್ಲುಗಳು ಎರಡು ದಿನ ನಿಂತುಹೋದದ್ದು ತಾನು ಸರಿಯಾಗಿ ಪರೀಕ್ಷಿಸದೆ ಸೇರಿಸಿದ ಕೋಡಿನಿಂದ ಎಂದು ತಾನಾಗಿ ಹೇಳಿ, ಅದು ಎಲ್ಲಿ ತಪ್ಪಿತೆಂದು ಬೋರ್ಡಿನ ಮೇಲೆ ಬರೆಯತೊಡಗುತ್ತಾಳೆ.